ಮೂರು ಸಲ ಜೋಳಿಗೆಗೆ ಹಾಕಿದ ಕುಡಿತ

ಗೂಳಪ್ಪ ಕಾಕಾ ಚೈನ್ ಮಾರ್ಕೆಟಿಂಗಿಗೆ ಬಿದ್ದಿದ್ದಾನೆ ಎಂದು ಸ್ವಪ್ನಿಲ್ ಎರಡು ತಿಂಗಳು ಖಾತ್ರಿಯಾಗಿ ನಂಬಿದ್ದ. ಪುಣೆಯ ಕಾತ್ರಜದ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಇಬ್ಬರೂ ಒಂದೇ ಮೇಜಿನ ಗುಮಾಸ್ತರು. ಸ್ವಪ್ನಿಲನ ಬುದ್ಧಿ ಅವನ ಪಗಾರದಂತೆ, ಇಪ್ಪತ್ತನೇ ತಾರೀಖಿಗೇ ಮುಗಿದುಹೋಗುವಂಥದ್ದು. ಮಂಗಳವಾರ ಸಂಜೆಯಾದರೆ ಕಾಕಾ ತಲೆ ಬಾಚಿಕೊಂಡು, ಬಿಸ್ಕೀಟಿನ ಪೊಟ್ಟಣ ಹಿಡಿದು ಪಕ್ಕದ ಬಡಾವಣೆಯ ಶಾಲೆಗೆ ಹೋಗುತ್ತಿದ್ದ. ಒಮ್ಮೆ ಕಿಟಕಿಯಲ್ಲಿ ಇಣುಕಿದರೆ ದುಂಡಗೆ ಕುರ್ಚಿ ಹಾಕಿದ್ದರು. ಒಬ್ಬೊಬ್ಬರೇ ಎದ್ದು ಹೆಸರು ಹೇಳುತ್ತಿದ್ದರು, ತಮ್ಮ ಬದುಕು ಬದಲಾದ ಕತೆ ಹೇಳುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಇನ್ನೇನು ಸಾಕ್ಷಿ ಬೇಕು? ಕಾಕಾ ಸೋಪು ಮಾರುತ್ತಾನೆಂದು ಸ್ವಪ್ನಿಲ್ ಹಮಾಲರಿಗೆಲ್ಲ ಸಾರಿಬಿಟ್ಟ.

ಒಂದು ಮಂಗಳವಾರ ಕಾಕಾ ತಾನಾಗಿಯೇ ಕೇಳಿದ: "ತಮ್ಮಾ, ಸಾಲಿತನಾ ಗಾಡಿ ಮ್ಯಾಲೆ ಬಿಡ್ತೀಯೇನು? ಇವತ್ತ ಕಾಲಿನ ಮ್ಯಾಲೆ ನಂಬಿಕಿ ಇಲ್ಲ."

ಮೊಣಕಾಲು ನೋವಿರಬೇಕು ಎಂದುಕೊಂಡ ಈ ಜಾಣ. ಕಾಕಾನನ್ನು ಇಳಿಸಿ ಶಾಲೆಯ ಬಾಗಿಲಲ್ಲೇ ನಿಂತು, ತಾನು ಯಾವ ಸ್ಕೀಮಿಗೂ ಸೇರುವವನಲ್ಲ, ಮನೆಯಲ್ಲಿ ಸೋಪು ಬೇಕಾದಷ್ಟಿದೆ ಎಂದು ಮರಾಠಿಯಲ್ಲಿ ಘೋಷಿಸಿಬಿಟ್ಟ. ಒಳಗಿದ್ದ ಹಿರಿಯರೊಬ್ಬರು ಕೆಮ್ಮು ಬರುವಷ್ಟು ನಕ್ಕರು. "ಇಲ್ಲಿ ಸೇರಬೇಕಾದರೆ ಮೊದಲು ಮನೆ ಮುಳುಗಿಸಿಕೊಂಡು ಬರಬೇಕಪ್ಪಾ. ನಿನಗಿನ್ನೂ ಟೈಮಿದೆ. ಚಹಾ ಕುಡಿ."

ಅದು ಕುಡಿತ ಬಿಡಲು ಹೆಣಗುವವರ ಕೂಟ. ಗೋದಾಮಿನಿಂದ ಶಾಲೆಯವರೆಗಿನ ದಾರಿಯಲ್ಲಿ ನಾಲ್ಕು ಬಾರುಗಳಿವೆ. ಕಾಕಾನಿಗೆ ನಂಬಿಕೆ ಇಲ್ಲದ್ದು ಮೊಣಕಾಲಿನ ಮೇಲಲ್ಲ.

ವಾಪಸು ಬರುವಾಗ ಕಾಕಾ ಹಿಂದಿನ ಸೀಟಿನಿಂದಲೇ ಎಲ್ಲ ಹೇಳಿದ. ಇಂಡಿ ಕಡೆಯವ, ಪುಣೆಗೆ ಬಂದು ಇಪ್ಪತ್ತೆರಡು ವರ್ಷ, ಕುಡಿತಕ್ಕೂ ಅಷ್ಟೇ ವಯಸ್ಸು. ಅಣ್ಣ ಮುರುಗೆಪ್ಪ ಮೂರು ಸಲ ಊರಿಗೆ ಎಳೆದೊಯ್ದು ಸ್ವಾಮಿಗಳ ಜೋಳಿಗೆಗೆ ಕುಡಿತ ಹಾಕಿಸಿದ್ದ. ಆ ಕಡೆ ಅದೊಂದು ವಾಡಿಕೆ. ಸ್ವಾಮಿಗಳು ಜೋಳಿಗೆ ಒಡ್ಡಿ ನಿಮ್ಮ ಚಟವನ್ನು ಭಿಕ್ಷೆ ಹಾಕಿರೆನ್ನುತ್ತಾರೆ. ಕುಡುಕ ಬಾಟಲಿಯನ್ನು, ಗುಟ್ಕಾ ತಿನ್ನುವವ ಪೊಟ್ಟಣವನ್ನು ಅದರೊಳಗೆ ಹಾಕಿ ಅಡ್ಡಬೀಳುತ್ತಾನೆ. ಹಾಗೆ ಬಿಟ್ಟವರು ಎಷ್ಟೋ ಮಂದಿ ಇದ್ದಾರೆ, ಸುಳ್ಳಲ್ಲ. ಗೂಳಪ್ಪನಿಗೂ ಹಾರ ಬಿತ್ತು, ಫೋಟೋ ತೆಗೆದರು. ಎಂಟನೇ ದಿನ ನಾಲಿಗೆ ಒಣಗಿತು. ಹೆಂಡತಿ ಚನ್ನಬಸವ್ವನ ಮುಂದೆ ಬಾಯಿ ಬಿಟ್ಟರೆ, "ಗುರುವಿಗೆ ಕೊಟ್ಟದ್ದನ್ನ ವಾಪಸ್ ಬೇಡ್ತೀಯೇನು, ನಾಚಿಕಿಲ್ಲೇನು?" ಎಂದಳು. ಹಾರ ಹಾಕಲು ಇನ್ನೂರು ಕೈ ಬಂದಿದ್ದವು. ಎಂಟನೇ ದಿನ ಹೇಗಿದ್ದೀಯಪ್ಪಾ ಎಂದು ಕೇಳಲು ಒಂದು ಬಾಯಿಯೂ ಬರಲಿಲ್ಲ. ಮೊದಲು ಆಸೆಯನ್ನು ಮುಚ್ಚಿಟ್ಟ, ಆಮೇಲೆ ಬಾಟಲಿಯನ್ನು. ಮೂರು ಸಲವೂ ಅದೇ ಕತೆ.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲಿದ್ದ ಒಂದು ನಂಬರಿಗೆ ಫೋನ್ ಹಚ್ಚಿದ. ಮೂರು ಸಲ ಕಟ್ ಮಾಡಿ ನಾಲ್ಕನೇ ಸಲ ಮಾತಾಡಿದ. ಆ ಕಡೆಯ ದನಿ ಆಣೆ ಪ್ರಮಾಣ ಏನೂ ಕೇಳಲಿಲ್ಲ. ಮಂಗಳವಾರ ಬನ್ನಿ ಎಂದಿತಷ್ಟೆ.

"ಅಲ್ಲಿ 'ಇವತ್ತ ಭಾಳ ಬೇಕನಸ್ತದ' ಅಂದ್ರ ಯಾರೂ ಬೈಯಂಗಿಲ್ಲೋ ತಮ್ಮಾ. ಚಾ ಕೊಡ್ತಾರ."

ಅವತ್ತಿನಿಂದ ಸ್ವಪ್ನಿಲನ ಗಾಡಿಗೆ ಮಂಗಳವಾರದ ಡ್ಯೂಟಿ ಬಿತ್ತು. ಕಾಕಾ ಕುಡಿಯದೆ ನಾಲ್ಕು ತಿಂಗಳು ದಾಟಿತು.

ಅಷ್ಟರಲ್ಲಿ ಮುರುಗೆಪ್ಪ ಬಂದ. ಒಂದು ಮಂಗಳವಾರ ಮಧ್ಯಾಹ್ನ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಬಟ್ಟೆ ಚೀಲ. ಸಂಜೆ ಹಡಪಸರದಲ್ಲಿ ಸ್ವಾಮಿಗಳ ಕಾರ್ಯಕ್ರಮವಂತೆ.

"ಗೂಳ್ಯಾ, ನಿನ್ನ ಹೆಸರು ಬರಿಸೀನಿ. ಸ್ಟೇಜಿನ ಮ್ಯಾಲೆ ನಾಕನೇ ನಂಬರ್ ನಿಂದು. ಹಾರಾನೂ ತರಿಸೀನಿ."

"ಇವತ್ತ ನಂದು ಮೀಟಿಂಗ್ ಅದಣ್ಣಾ."

"ಕೇಳೀನಿ ನಿನ್ನ ಮೀಟಿಂಗ್! ಕಂಡ ಕಂಡವರ ಮುಂದ ನಾ ಕುಡುಕ ಅಂತ ಹೇಳ್ತೀಯಂತ. ಮನಿ ಮರ್ಯಾದಿ ಮೂರಾಬಟ್ಟಿ! ಅದೂ ಮರಾಠಿಯೊಳಗ!"

"ಕನ್ನಡದಾಗ ಹೇಳಿದಾಗ ಯಾರು ಕೇಳಿದ್ರಿ?" ಗೂಳಪ್ಪನ ದನಿ ಏರಿತು. "ಮತ್ತ ನಾಕು ತಿಂಗಳಿಂದ ಕುಡದಿಲ್ಲ ನಾ. ಜೋಳಿಗಿಗೆ ಏನ್ ಹಾಕ್ಲಿ, ನನ್ನ ಚಪ್ಪಲಿ?"

"ಖಾಲಿ ಕೈಲೆ ಹೆಂಗ ಹೋಗ್ತಿ? ಅದಕ್ಕ ತಂದೀನಲ್ಲ."

ಚೀಲದೊಳಗಿಂದ ಮುರುಗೆಪ್ಪ ಒಂದು ಕ್ವಾರ್ಟರ್ ಬಾಟಲಿ ತೆಗೆದ. ಹೊಸದು, ಸೀಲು ಒಡೆಯದ್ದು. ಕೊಬ್ಬರಿ ಬಟ್ಟಲು ಕೊಟ್ಟಷ್ಟು ಸಲೀಸಾಗಿ ತಮ್ಮನ ಅಂಗೈಯಲ್ಲಿ ಇಟ್ಟೇಬಿಟ್ಟ.

ಗೂಳಪ್ಪನ ಬೆರಳು ತಾವಾಗಿಯೇ ಮುಚ್ಚಿಕೊಂಡವು. ಮೂಟೆ ಹೊತ್ತ ಹಮಾಲರು ಹೊತ್ತಂತೆಯೇ ನಿಂತರು. ಸ್ವಪ್ನಿಲನಿಗೆ ಮೈಯೆಲ್ಲ ಉರಿದು, ಕಾಕಾನಿಂದ ಕಲಿತ ಕನ್ನಡ ಬಾಯಿಗೇ ಬರದೆ ಮರಾಠಿಯಲ್ಲಿ ಏನೋ ಒದರಿದ. ಅದೂ ನೆಟ್ಟಗೆ ಬರಲಿಲ್ಲ. ಆಮೇಲೆ, "ಅಕಲ್ ಅದ ಏನ್ರೀ ನಿಮಗ? ಈಗಷ್ಟ ಎದ್ದು ಕುಂತಾರ, ಮತ್ತ ನೂಕ್ತೀರಲ್ಲ!" ಎಂದ.

"ನೀ ಯಾವನೋ? ಇದು ಅಣ್ಣತಮ್ಮರ ಮಾತು."

ಗೂಳಪ್ಪ ಒಂದೊಂದೇ ಬೆರಳು ಬಿಡಿಸಿದ. ಬಾಟಲಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ವಾಪಸ್ ಇಟ್ಕೋ ಅಣ್ಣಾ."

ಮುರುಗೆಪ್ಪ ಹಮಾಲರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ನಕ್ಕ. "ನಾಕು ತಿಂಗಳಾತು ಬಿಟ್ಟು ಅಂತಾನ, ಹಡಪಸರ ಮುಟ್ಟೋತನಾ ಒಂದು ಬಾಟ್ಲಿ ಕಿಸೆದಾಗ ಇಟ್ಕೊಳ್ಳಾಕ ಆಗಂಗಿಲ್ಲ! ಯಾಕೋ, ಕುಡದ ಬಿಡ್ತೀಯೇನು?"

"ಹೌದು, ಕುಡೀತೀನಿ," ಎಂದ ಗೂಳಪ್ಪ. "ಅರ್ಧಾ ದಾರಿ ದಾಟೂದ್ರಾಗ ಖಾಲಿ ಮಾಡ್ತೀನಿ. ಅದಕ್ಕ ಅಂತೀನಿ, ನನ್ನ ಕಣ್ಣ ಮುಂದಿಂದ ತಗಿ ಅದನ್ನ."