ಬಾಣಲೆಯ ಮೊದಲ ವಡೆ

ತಾಯಮ್ಮ, ನಾನು ಬಸುರಿಯಾಗಿರಲಿಲ್ಲ.

ಇಷ್ಟೇ ಮಾತು. ಇದನ್ನು ಹೇಳಲು ನನಗೆ ಐವತ್ತು ವರ್ಷ ಬೇಕಾಯಿತು — ಈಗ ಕೇಳಿಸಿಕೊಳ್ಳಲು ನೀನಿಲ್ಲ. ಮೂರು ತಿಂಗಳ ಕಾಲ ನೀನು ಬಾಣಲೆಯ ಮೊದಲ ವಡೆಯನ್ನು ನನ್ನ ಕೈಗಿಟ್ಟೆ. ನನ್ನ ಹೊಟ್ಟೆಯಲ್ಲಿ ಆ ವಡೆಯ ಹೊರತು ಮತ್ತೇನೂ ಇರಲಿಲ್ಲ. ಹೋಗಿಬಿಟ್ಟಿತು ಎಂದು ನಾನು ಹೇಳಿದ ಕೂಸು ಬಂದೇ ಇರಲಿಲ್ಲ. ನೀನು ಒಲೆ ಆರಿಸಿ ಎದ್ದುಹೋದದ್ದು ಇಲ್ಲದ ಕೂಸಿಗಾಗಿ.

ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ. ಐವತ್ತರ ದಶಕದ ಮಾತು. ಗಾವಡಗೆರೆ ಕಡೆಯ ಒಕ್ಕಲು ಮನೆಯಿಂದ ಕೃಷ್ಣರಾಜನಗರದ ಸೌಕಾರರ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನನ್ನ ಯಜಮಾನರದು ಹೊಗೆಸೊಪ್ಪು, ಬೆಲ್ಲದ ವ್ಯಾಪಾರ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬಂದರೆ ತಾಯಿಯ ಹತ್ತಿರ ವ್ಯಾಪಾರದ ಮಾತು, ನನ್ನ ಹತ್ತಿರ ‘ನೀರು ಕಾದಿದೆಯಾ’ ಎಂಬ ಮಾತು. ಕೆಟ್ಟವರಲ್ಲ. ಹೆಂಡತಿಯ ಹತ್ತಿರ ಮಾತನಾಡಬಹುದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಅತ್ತೆಯದು ಕಟ್ಟುನಿಟ್ಟು. ಲಿಂಗಪೂಜೆಯಾಗದೆ ಬಾಯಿಗೆ ತೊಟ್ಟು ನೀರಿಲ್ಲ, ಕಂಡವರ ಕೈಯ ಅಡುಗೆ ಹೊಸಿಲು ದಾಟುವಂತಿಲ್ಲ. ಊಟಕ್ಕೇನೂ ಕೊರತೆಯಿರಲಿಲ್ಲ. ತುಪ್ಪ ಬೇಕಾದಷ್ಟು, ಮಾತು ಮಾತ್ರ ಇಲ್ಲ. ಬಂದ ಹೆಂಗಸರೆಲ್ಲ ಕೇಳುತ್ತಿದ್ದುದು ಒಂದೇ — ‘ಏನಾದರೂ ವಿಶೇಷವೇ?’ ಅತ್ತೆ ನನ್ನ ಕಡೆ ನೋಡದೆ ‘ಇನ್ನೂ ಇಲ್ಲ’ ಎನ್ನುತ್ತಿದ್ದರು. ನಾನು ಎಲೆಯಡಿಕೆ ತಟ್ಟೆ ತಂದಿಟ್ಟು ಒಳಗೆ ಹೋಗುತ್ತಿದ್ದೆ.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಆ ಮನೆಯಲ್ಲಿ ಗೋಡೆಯ ಹಲ್ಲಿಯೊಂದೇ ಸದ್ದು ಮಾಡುತ್ತಿದ್ದುದು. ಆಗ ಹಿತ್ತಿಲ ಬಾಗಿಲಿನ ಸಂದಿಯಿಂದ ನಿನ್ನ ಎಣ್ಣೆ ಕಾದ ವಾಸನೆ ಬರುತ್ತಿತ್ತು, ತಾಯಮ್ಮ. ನಮ್ಮ ಹಿಂದಿನ ಓಣಿಯಲ್ಲಿ, ಹುಣಸೆಮರದ ಕೆಳಗೆ, ಮೂರು ಕಲ್ಲಿನ ಒಲೆ, ತಲೆಯ ಮೇಲೊಂದು ಗೋಣಿತಾಟು — ಅದೇ ನಿನ್ನ ಅಂಗಡಿ. ಊರೆಲ್ಲ ನಿನ್ನನ್ನು ವಡೆ ತಾಯಮ್ಮ ಅಂತಲೇ ಕರೆಯುತ್ತಿತ್ತು. ಗಾಡಿ ಹೊಡೆಯುವವರು, ಮಿಲ್ಲಿನ ಹೆಣ್ಣಾಳುಗಳು ಕೂತು ತಿನ್ನುತ್ತಿದ್ದರು. ಕಡಲೆಬೇಳೆ ರುಬ್ಬುವಾಗ ನೀನು ಒಂದು ಹಿಡಿಯನ್ನು ಹಾಗೆಯೇ ಉಳಿಸಿ ಕೊನೆಗೆ ಬೆರೆಸುತ್ತಿದ್ದೆ. ಸಬ್ಬಸಿಗೆ ಸೊಪ್ಪು, ಈರುಳ್ಳಿ, ಜಜ್ಜಿದ ಶುಂಠಿ. ಅಂಗೈ ಒದ್ದೆ ಮಾಡಿಕೊಂಡು ತಟ್ಟಿ, ಬಾಣಲೆಯ ಅಂಚಿನಿಂದ ಜಾರಿಸಿದರೆ ಸುಂಯ್ ಎನ್ನುವ ಸದ್ದು ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು.

ಬಾಗಿಲು ಅರ್ಧ ತೆರೆದು ನಿಂತು ನೋಡುವುದು ನನಗೆ ಅಭ್ಯಾಸವಾಯಿತು. ತಿನ್ನಬೇಕೆಂದು ಅಲ್ಲ — ಛೇ, ಈಗಲೂ ಸುಳ್ಳೇ ಬರುತ್ತದೆ. ತಿನ್ನಬೇಕೆಂದೇ ನಿಲ್ಲುತ್ತಿದ್ದೆ. ಬಾಯಲ್ಲಿ ನೀರೂರುತ್ತಿತ್ತು. ಅಷ್ಟು ಜನ ಒಟ್ಟಿಗೆ ಕೂತು ನಗುತ್ತ ತಿನ್ನುವುದನ್ನು ನೋಡಿದರೆ ಅಳುವೂ ಬರುತ್ತಿತ್ತು.

ಒಂದು ದಿನ ಅಂಗಡಿಯ ಬಳಿ ಯಾರೂ ಇರಲಿಲ್ಲ. ನೀನು ಜಾಲರಿ ಸೌಟು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದೆ.

“ಯಾಕಮ್ಮಾವ್ರೆ, ದಿನಾ ಅಂಗೇ ನಿಂತ್ಕತೀರಿ? ಬಯಕೆ ಏನ್ರವ್ವಾ?”

ನಾನು ‘ಹೂಂ’ ಅಂದೆ.

ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಅಲ್ಲ ತಾಯಮ್ಮ, ಸುಮ್ಮನೆ ನಿಂತಿದ್ದೆ ಎನ್ನಬಹುದಿತ್ತು. ನಿನ್ನ ಮುಖ ಒಮ್ಮೆಲೇ ಅರಳಿದ್ದನ್ನು ನೋಡಿದೆ. ಮೂರು ವರ್ಷದಲ್ಲಿ ನನ್ನನ್ನು ನೋಡಿ ಹಾಗೆ ಅರಳಿದ ಮುಖ ಅದೊಂದೇ. ಬಸುರಿಯ ಬಯಕೆ ತೀರಿಸದೆ ಕಳಿಸಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನನಗೂ ಗೊತ್ತಿತ್ತು. ಗೊತ್ತಿದ್ದೇ ‘ಹೂಂ’ ಅಂದೆ.

ಬಾಣಲೆಯ ಮೊದಲ ವಡೆಯನ್ನು ನೀನು ಯಾರಿಗೂ ಮಾರುತ್ತಿರಲಿಲ್ಲ. ಒಲೆಯ ಪಕ್ಕದ ಕಲ್ಲಿನ ಮೇಲೆ ದೇವರ ಹೆಸರಿನಲ್ಲಿ ಇಡುತ್ತಿದ್ದೆ, ಆಮೇಲೆ ಅದು ಕಾಗೆಯ ಪಾಲು. ಮಾರನೆಯ ದಿನದಿಂದ ಅದು ನನಗೆ ಬಂತು. ಮುತ್ತುಗದ ಎಲೆಯಲ್ಲಿಟ್ಟು ಹಿತ್ತಿಲ ಹೊಸಿಲಿಗೆ ತಂದು “ತಿನ್ನು ಮಗ, ಬಿಸಿ ಅದೆ, ಊದ್ಕಂಡು ತಿನ್ನು” ಅಂದೆ. ಒಂದೇ ದಿನದಲ್ಲಿ ಅಮ್ಮಾವ್ರು ಹೋಗಿ ಮಗ ಆಗಿದ್ದೆ. ಕಾಸು ಕೊಡಹೋದರೆ ನೀನು ಕೆನ್ನೆ ಬಡಿದುಕೊಂಡೆ — ಬಸುರಿಯ ಕೈಯಿಂದ ಕಾಸೇ?

ಆ ರುಚಿಯ ಬಗ್ಗೆ ಸುಳ್ಳು ಹೇಳಲಾರೆ. ನಾಲಿಗೆ ಸುಟ್ಟುಕೊಂಡು ತಿಂದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಡುವೆ ನೀನು ರುಬ್ಬದೆ ಬಿಟ್ಟ ಬೇಳೆ ಹಲ್ಲಿಗೆ ಸಿಕ್ಕಿ ಕಟಕ್ಕೆನ್ನುತ್ತಿತ್ತು. ಎಲೆಗಂಟಿದ ಚೂರನ್ನೂ ಬಿಡಲಿಲ್ಲ. ಕತ್ತಿನಲ್ಲಿದ್ದ ಲಿಂಗವನ್ನು ಸೆರಗಿನೊಳಗೆ ಸರಿಸಿಕೊಂಡು, ಕದದ ಹಿಂದೆ ನಿಂತು, ಕಳ್ಳಬೆಕ್ಕಿನ ಹಾಗೆ ತಿಂದೆ. ತಿಂದ ಮೇಲೆ ಬಾಯಿ ಮುಕ್ಕಳಿಸಿ ಒಂದು ಲವಂಗ ಬಾಯಿಗೆ ಹಾಕಿಕೊಂಡರೆ ಅತ್ತೆಯ ಮೂಗಿಗೂ ಸಿಗುತ್ತಿರಲಿಲ್ಲ.

ಸುಳ್ಳು ಬಹಳ ಸಲೀಸಾಗಿ ನಡೆಯಿತು. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಬಾಯಿಬಿಡಬಾರದು, ದೃಷ್ಟಿಯಾಗುತ್ತದೆ ಎಂದು ನೀನೇ ನನ್ನಿಂದ ಭಾಷೆ ತೆಗೆದುಕೊಂಡೆ. ಬೇರೆ ಮನೆಗಳ ಹಾಗೆ ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಲಿಂಗ ಕಟ್ಟಿದ ಮೈಗೆ ಆ ಮೈಲಿಗೆಯಿಲ್ಲ ಎನ್ನುತ್ತಿದ್ದರು ಅತ್ತೆ. ಹಾಗಾಗಿ ನಿನಗೆ ಅನುಮಾನ ಬರಲು ದಾರಿಯೇ ಇರಲಿಲ್ಲ. ನೀನು ನನಗೆಂದು ಹಸಿಮೆಣಸಿನಕಾಯಿ ಕಡಿಮೆ ಮಾಡಿದೆ, ಹಳೆಯ ಎಣ್ಣೆ ಬಸುರಿಗೆ ಆಗದು ಎಂದು ದಿನವೂ ಮೊದಲ ವಡೆಗೆ ಹೊಸ ಹುಚ್ಚೆಳ್ಳೆಣ್ಣೆ ಕಾಯಿಸಿದೆ. ಗಿರಾಕಿಗಳು ಬರುವ ಮುಂಚೆ ನಾನು ಹೊಸಿಲೊಳಗೆ, ನೀನು ಹೊಸಿಲಾಚೆ, ಕುಕ್ಕರುಗಾಲಲ್ಲಿ ಕೂತು ಮಾತನಾಡುತ್ತಿದ್ದೆವು. ವಡೆಗಿಂತ ನನಗೆ ಅದೇ — ಇಲ್ಲ, ವಡೆಯೂ ಬೇಕಿತ್ತು, ಅದೂ ಬೇಕಿತ್ತು.

ನಿನ್ನ ಮಗಳ ವಿಷಯ ಹೇಳಿದ್ದು ಹಾಗೆ ಕೂತಾಗಲೇ. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗೆ ಕೊಟ್ಟ ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಅವ್ವನ ಕೈಯ ವಡೆ ಬೇಕು ಎಂದು ಹೇಳಿಕಳಿಸಿದ್ದಳು. ನೀನು ಮಾಡಿಕೊಂಡು ಹೊರಟರೆ ಕಪಿಲೆ ತುಂಬಿ ಹರಿಯುತ್ತಿತ್ತು, ದೋಣಿ ಬಿಡಲಿಲ್ಲ. ದಾಟುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

“ವಡೆ ಸೆರಗ್ನಲ್ಲೇ ಅಳಸೋಯ್ತು ಕಣ್ ಮಗ,” ಅಂದೆ. ಆಮೇಲೆ ನನ್ನ ಗಲ್ಲ ಹಿಡಿದು “ನೀನ್ ತಿನ್ನು” ಅಂದೆ.

ಆ ದಿನವಾದರೂ ಹೇಳಬೇಕಿತ್ತು. ಹೇಳಲಿಲ್ಲ. ತಿಂದೆ.

ಮೂರು ತಿಂಗಳು ತುಂಬುತ್ತ ಬಂತು. ಒಂದು ಮಧ್ಯಾಹ್ನ ನೀನು ವಡೆಯ ಜೊತೆಗೆ ಸೆರಗಿನ ಗಂಟು ಬಿಚ್ಚಿ ಹಸಿರು ಗಾಜಿನ ಬಳೆ ತೋರಿಸಿದೆ.

“ಇನ್ನೇನ್ ಬಾಯ್ ಬುಡಬೌದು ಮಗ. ನಾಳೀಕೆ ನಾನೇ ನಿಮ್ಮತ್ತಮ್ಮಾರ್ಗೆ ಯೋಳ್ತೀನಿ — ಬಳೆ ತೊಡ್ಸೋ ದಿನ ಒಂದ್ ಕೈ ನಂದೂ ಇರ್ಲಿ ಅಂತ.”

ಅತ್ತೆಯ ಮುಂದೆ ನಿಂತು ನೀನು ಹಾಗೆ ಹೇಳಿದರೆ ನನ್ನ ಗತಿಯೇನು? ಇಲ್ಲದ ಬಸುರು, ಓಣಿಯ ವಡೆ, ಕಾಸಿಲ್ಲದೆ ಬೇಡಿ ತಿಂದದ್ದು — ಎಲ್ಲ ಹೊರಬಿದ್ದರೆ ಮಾರನೆಯ ದಿನವೇ ನನ್ನನ್ನು ತೌರಿನ ಗಾಡಿ ಹತ್ತಿಸುತ್ತಿದ್ದರು. ನನಗೆ ತೋಚಿದ್ದು ಒಂದೇ.

“ಹೋಗಿಬಿಡ್ತು, ತಾಯಮ್ಮ. ನಿಲ್ಲಲಿಲ್ಲ. ಯಾರಿಗೂ ಹೇಳಬೇಡ.”

ನೀನು ಅಳಲಿಲ್ಲ. ಕೈಯಲ್ಲಿದ್ದ ಎಲೆಯನ್ನು ನೋಡಿದೆ, ಎಲೆಯಲ್ಲಿದ್ದ ವಡೆಯನ್ನು ನೋಡಿದೆ. ತಿರುಗಿ ಬಾಣಲೆಯನ್ನು ನೋಡಿದೆ.

“ಎಣ್ಣೆ ಪದಾರ್ಥ... ದಿನಾ ದಿನಾ... ಉಷ್ಣ ಆಗೋಯ್ತೇನೋ. ನಾನೇ ತಿನ್ಸ್‌ಬುಟ್ನಲ್ಲವ್ವಾ. ನನ್ ಕೈಯೇ ಅಂತಾದ್ದು.”

‘ನಿನ್ನಿಂದಲ್ಲ’ ಅನ್ನಲು ಎಷ್ಟು ಹೊತ್ತು ಬೇಕು? ಪೂರ್ತಿ ನಿಜ ಬೇಡ — ಅಷ್ಟಾದರೂ ಅನ್ನಬಹುದಿತ್ತಲ್ಲ. ಅತ್ತೆ ಎದ್ದಿರಲಿಲ್ಲ. ಓಣಿಯಲ್ಲಿ ಯಾರೂ ಬರುತ್ತಿರಲಿಲ್ಲ. ನನ್ನ ಬಾಯಿಯನ್ನು ಯಾರೂ ಕಟ್ಟಿರಲಿಲ್ಲ. ನಾನು ಬಾಗಿಲು ಹಾಕಿಕೊಂಡೆ. ನಿಜ ಹೇಳಲೇ? ಆ ಗಳಿಗೆಯಲ್ಲಿ ನನಗಾದದ್ದು ನಿರಾಳ. ಪಾರಾದೆ ಅನ್ನಿಸಿತು.

ಮರುದಿನ ಎಣ್ಣೆಯ ವಾಸನೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಾಗಿಲು ತೆರೆದು ನೋಡಿದರೆ ಮೂರು ಕಲ್ಲು, ಬೂದಿ. ಗಾಡಿಯವರು ಬಂದು ನೋಡಿ, ಬೈದುಕೊಂಡು ಹೋದರು. ನೀನು ಅಕ್ಕಿ ಮಿಲ್ಲಿನ ಕಣದಲ್ಲಿ ಬತ್ತ ಒಣಗಿಸುವ ಕೂಲಿಗೆ ಸೇರಿದೆಯೆಂದು ಹೂವಿನವಳು ಹೇಳಿದಳು.

ಆಮೇಲೂ ನೀನು ನನ್ನನ್ನು ಬಿಡಲಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಹಿತ್ತಿಲ ಹೊಸಿಲ ಮೇಲೆ ಎಲೆಯ ಪೊಟ್ಟಣವೊಂದು ಇರುತ್ತಿತ್ತು. ಒಳಗೆ ನೆನೆಸಿದ ಹೆಸರುಬೇಳೆ. ಒಲೆಯ ಮೇಲಿಟ್ಟಿಲ್ಲ, ಒಗ್ಗರಣೆಯಿಲ್ಲ, ಉಪ್ಪೂ ಇಲ್ಲ — ಕೂಸು ಕಳೆದುಕೊಂಡ ಮೈಗೆ ತಂಪಾಗಲಿ ಎಂದು. ನೀನು ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಬೇಳೆಯನ್ನು ನಾನು ಎಸೆಯಲಿಲ್ಲ, ತಾಯಮ್ಮ. ಅದನ್ನೂ ತಿಂದೆ. ಎಂಥ ಹೆಣ್ಣು ನಾನು!

ಎರಡು ವರ್ಷದ ಮೇಲೆ ನಾನು ನಿಜವಾಗಿ ಬಸುರಾದೆ. ಬಯಕೆ ಎಂದರೆ ಏನೆಂದು ಆಗ ತಿಳಿಯಿತು. ನಾನು ಕೇಳಿದ್ದನ್ನೆಲ್ಲ ಅತ್ತೆ ಮಾಡಿಸಿದರು. ನನ್ನ ನಾಲಿಗೆ ಕೇಳಿದ್ದು ಒಂದೇ. ಐದನೇ ತಿಂಗಳಲ್ಲಿ ಮಠಕ್ಕೆ ಹೋಗುವ ನೆಪ ಮಾಡಿ ಮಿಲ್ಲಿನ ಕಣಕ್ಕೆ ಬಂದೆ. ಬಿಸಿಲಲ್ಲಿ ಬತ್ತ ಎಳೆಯುತ್ತಿದ್ದ ನೀನು ನನ್ನ ಹೊಟ್ಟೆ ನೋಡಿದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡೆ.

“ಒಂದೇ ಒಂದು ವಡೆ, ತಾಯಮ್ಮ,” ಅಂದೆ.

“ನನ್ ಮುಂದೆ ನಿಲ್‌ಬ್ಯಾಡಿ ಅಮ್ಮಾವ್ರೆ. ನನ್ ಕೈ ಬ್ಯಾಡ, ಕಣ್ಣೂ ಬ್ಯಾಡ. ಓಗಿ, ಒಳ್ಳೇದಾಗ್ಲಿ.”

ಮತ್ತೆ ಅಮ್ಮಾವ್ರು. ನೀನು ಮುಖ ಮುಚ್ಚಿಕೊಂಡೇ ಮಾತನಾಡಿದೆ. ಆಗಲೂ ಹೇಳಬಹುದಿತ್ತು. ಹೇಳಿದ್ದರೆ ನಿನ್ನ ಒಲೆ ಮತ್ತೆ ಉರಿಯುತ್ತಿತ್ತು, ನನ್ನ ಬಯಕೆಯೂ ತೀರುತ್ತಿತ್ತು. ಆದರೆ ಮನೆಯಲ್ಲಿ ನನಗೆ ಆಗ ತಾನೇ ಮರ್ಯಾದೆ ಬಂದಿತ್ತು, ಯಜಮಾನರು ಸಂತೆಯಿಂದ ಬರುವಾಗ ಕಿತ್ತಳೆ ತರುತ್ತಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಹಿಂತಿರುಗಿ ಬಂದೆ. ಮಗ ಹುಟ್ಟಿದ. ಅವನ ಕಿವಿ ಸೋರಲಿಲ್ಲ, ಗುಂಡುಕಲ್ಲಿನ ಹಾಗೆ ಬೆಳೆದ. ನೀನು ಹನಗೋಡಿನ ತಂಗಿಯ ಮನೆಗೆ ಹೊರಟುಹೋದೆಯೆಂದು ಆಮೇಲೆ ತಿಳಿಯಿತು.

ಇಷ್ಟು ವರ್ಷ ನಾನು ನೆನೆದು ನೆನೆದು ಕೊರಗಿದೆ ಎಂದು ಬರೆದರೆ ಅದೂ ಸುಳ್ಳೇ. ತಿಂಗಳುಗಟ್ಟಲೆ ಮರೆಯುತ್ತಿದ್ದೆ. ಈಗ ಯಜಮಾನರಿಲ್ಲ, ಮನೆ ತುಂಬ ಮೊಮ್ಮಕ್ಕಳು ಸದ್ದು ಮಾಡುತ್ತವೆ. ಆದರೆ ಆ ಹೊಸಿಲಿನಲ್ಲಿ ಕೂತು ಆಡಿದಂಥ ಮಾತು ನನಗೆ ಮತ್ತೆ ಯಾರೊಡನೆಯೂ ಕೂಡಿಬರಲಿಲ್ಲ. ನನ್ನ ಬಾಯಿಂದ ನಾನೇ ಕಳೆದುಕೊಂಡೆ.

ಹೋದ ವಾರ ಇಲ್ಲಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು, ಅರವತ್ತರ ಆಸುಪಾಸು. ಯಾವ ಊರು ಎಂದೆ. ಹನಗೋಡು ಎಂದಳು, ಹೆಸರು ಗೌರಿ. ಇಲ್ಲಿಂದ ಅಲ್ಲಿಗೆ ಹೋದ ವಡೆ ತಾಯಮ್ಮ ಗೊತ್ತೇ ಎಂದು ಕೇಳಿದರೆ, ಅವಳ ದೊಡ್ಡಮ್ಮನೇ ಅಂತೆ. ಈಗ ಹೇಗಿದ್ದಾಳೆ ಎಂದೆ.

“ಓಗಿ ಬಾಳ ದಿನ ಆಯ್ತು ಬುಡಿ. ನಾನ್ ಬಸ್ರಿಯಾಗಿದ್ದಾಗ ಒಂದ್ ಲೋಟ ಗಂಜಿ ಕಾಯ್ಸಿ ಕೊಡ್ನಿಲ್ಲ ಕಣ್ರವ್ವ. ತನ್ ಕಣ್ಣು ನನ್ ಮೇಲೆ ಬೀಳ್ಬಾರ್ದು ಅಂತ ಕೊಟ್ಟಿಗೇಲೇ ಮಲಗ್ತಿದ್ಲು. ಈ ಊರ್ನಲ್ಲಿ ಯಾವ್ದೋ ಸೌಕಾರ್ರ ಮನೆ ಬಸ್ರಿಗೆ ವಡೆ ತಿನ್ಸಿ ಕೂಸು ಓಗ್ಬುಡ್ತಂತೆ. ನಮ್ ಮನೆ ಎಂಗುಸ್ರ ಕೈಗುಣನೇ ಅಂಗೆ ಅಂತಿದ್ಲು. ಈಗ ನನ್ ಸೊಸೆಗೆ ಅಯ್ದು ತಿಂಗ್ಳು. ಅದುಕ್ಕೇ ನಾನೂ ಅವಳ್ಗೆ ಏನೂ ಮಾಡ್ಕೊಡಾಕಿಲ್ಲ. ಪಾಪ, ಒಬ್ಳೇ ಬೇಯಿಸ್ಕಂಡು ತಿಂತಳೆ.”

ಅಷ್ಟರಲ್ಲಿ ಬಸ್ಸು ಬಂತು. ಗೌರಿ ಹತ್ತಿದಳು. ನಾನು ‘ಹೋಗಿ ಬಾರಮ್ಮ’ ಎಂದೆ. ಅಷ್ಟನ್ನೇ ಎಂದೆ.

ಒಂದು ವಾರ ನಿದ್ದೆಯಿಲ್ಲ. ನಿನ್ನ ಒಲೆ ಆರಿಸಿದ್ದು ಸಾಲದೆ, ನಾನು ಕಣ್ಣಲ್ಲಿ ಕಂಡೂ ಇರದ ಒಂದು ಹುಡುಗಿಯನ್ನು ಹನಗೋಡಿನಲ್ಲಿ ಒಂಟಿಯಾಗಿ ಕೂರಿಸಿದ್ದೇನೆ. ಅವಳು ಹೇಗೆ ತಿನ್ನುತ್ತಾಳೆಂದು ನನಗೆ ಗೊತ್ತು.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಮಗನಿಗೆ ಯಾಕೆಂದೂ ಹೇಳಿದ್ದೇನೆ. ಕಡಲೆಬೇಳೆ ಅಳೆದು ಕಟ್ಟಿಟ್ಟುಕೊಂಡಿದ್ದೇನೆ. ನಾನು ಕರಿಯುವುದಿಲ್ಲ, ಗೌರಿಯೇ ತನ್ನ ಕೈಯಾರೆ ತಟ್ಟಿ ಕರಿಯಬೇಕು, ಮೊದಲ ವಡೆ ಅವಳ ಸೊಸೆಗೆ ಕೊಡಬೇಕು. ಅದಕ್ಕೆ ಮುಂಚೆ ಆ ಸೊಸೆಯ ಎದುರಿಗೇ ಹೇಳುತ್ತೇನೆ: ಆ ಸೌಕಾರರ ಮನೆಯ ಬಸುರಿ ನಾನೇ, ನಾನು ಬಸುರಿಯಾಗಿರಲಿಲ್ಲ, ನಿಮ್ಮ ದೊಡ್ಡಮ್ಮನ ಕೈಯಿಂದ ಯಾವ ಕೂಸೂ ಹೋಗಲಿಲ್ಲ.

ಗೌರಿ ಬೈದರೆ ಬೈಸಿಕೊಳ್ಳುತ್ತೇನೆ. ಬಾಗಿಲು ಹಾಕಿಕೊಂಡರೆ, ತಾಯಮ್ಮ, ಹೊರಗೆ ನಿಂತೇ ಹೇಳುತ್ತೇನೆ — ಒಳಗಿರುವ ಆ ಹುಡುಗಿಗೆ ಕೇಳಿಸುವ ಹಾಗೆ.