ಚುಕ್ಕೆಯ ಮುಂದಿನ ಹೆಸರು

“ಈ ಹುಡುಗಿ ಡಿಗ್ರಿ ಮುಗಿಸಿದ್ರ ನಾ ಮೀಸಿ ಬೋಳಿಸ್ತೇನಿ” ಅಂದವರು ನಮ್ಮ ದೊಡ್ಡಪ್ಪ. ದೊಡವಾಡದ ಮನೆಯ ಕಟ್ಟೆಯ ಮೇಲೆ ಕುಳಿತು, ಹೋಗಿಬರುವ ಮಂದಿಗೆಲ್ಲ ಕೇಳುವ ಹಾಗೆ ಅಂದರು. ನಮ್ಮ ಮನೆತನದಲ್ಲಿ ಆವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದ್ದಿಲ್ಲ. ಅಪ್ಪ ತೀರಿಕೊಂಡಿದ್ದರಿಂದ ದೊಡ್ಡಪ್ಪನ ಮಾತೇ ಕಡೆಯದು. ಎಲ್ಲಿ ಫೇಲಾದೆನೋ ಅಲ್ಲಿಗೆ ಓದು ಬಂದ್, ಅದು ಅವರ ಷರತ್ತು.

ಬೈಲಹೊಂಗಲದ ಕಾಲೇಜಿನಲ್ಲಿ ಕೊನೆಯ ವರ್ಷ ಕಂಪ್ಯೂಟರ್ ಪ್ರಾಜೆಕ್ಟ್ ಮಾಡಬೇಕಿತ್ತು. ಅಲ್ಲೇ ಬಾಡಿಗೆ ಖೋಲಿ ಹಿಡಿದಿದ್ದವರು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡರು. ಸಂಜೆ ಊರಿನ ಬಸ್ಸಿಗೆ ಓಡುವವಳನ್ನು ಯಾರು ಕರೆಯಬೇಕು? ನಾನೊಬ್ಬಳೇ ಉಳಿದೆ.

ದನದ ದವಾಖಾನೆಯ ಫೈಲುಗಳಿಗೆ ಗುರುತು ಹಚ್ಚುವ ಕೆಲಸ ಆರಿಸಿಕೊಂಡೆ. ಇದನ್ನು ಡಾಕ್ಟರು ಮಾತ್ರ ನೋಡಬೇಕು, ಇದನ್ನು ಯಾರಾದರೂ ನೋಡಬಹುದು, ಹೀಗೆ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಫೈಲಿನ ಒಳಗಿನ ಬರಹ ಮುಟ್ಟದೆ, ಹೊರಗೆ ಇಂಥದೊಂದು ಚೀಟಿ ಅಂಟಿಸಬಹುದು. ಚೀಟಿಗೆ ಹೆಸರು ಬೇಕು: ಎರಡು ತುಂಡು, ನಡುವೆ ಚುಕ್ಕೆ.

ನಮ್ಮ ಮನೆಯಲ್ಲಿ ಹಂಡೆ, ಕೊಡ, ತಾಟು ಎಲ್ಲದರ ಮೇಲೂ ಹೆಸರು ಕೊರೆಸಿದ್ದಾರೆ. ಮದುವೆ ಮನೆಗೆ ಹೋದ ಪಾತ್ರೆ ತಿರುಗಿ ಬರಬೇಕಲ್ಲ. ಮೊದಲು ಮನೆತನದ ಹೆಸರು, ಆಮೇಲೆ ಅವರವರದು. ನಾನೂ ಹಾಗೇ ಮಾಡಿದೆ. ಚುಕ್ಕೆಯ ಮುಂದೆ ನಮ್ಮ ಮನೆತನ, ಹಿಂದೆ ಗುರುತು. ಕಂಪ್ಯೂಟರ್ ಒಪ್ಪಲಿಲ್ಲ. ಮತ್ತೆ ಹಾಕಿದೆ. ಮತ್ತೂ ಅದೇ ಉತ್ತರ, ಇದು ನಡೆಯದು. ಕಟ್ಟೆಯ ಮೇಲಿನ ಮಾತು ನೆನಪಾಯಿತು.

“ಯಾಕವಾ, ಮಾರಿ ಸಣ್ಣ ಮಾಡೀದಿ?” ಅಂದಳು ಅವ್ವ, ಸಂಜೆ ಮನೆಗೆ ಬಂದಾಗ.

“ಚೀಟಿ ಅಂಟವಲ್ದವಾ.”

“ಗಂಜಿ ಹಚ್ಚಿ ನೋಡು.”

ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅವಳಿಗೆ ತಿಳಿಸಿ ಹೇಳುವ ಮಾತು ನನ್ನ ಹತ್ತಿರ ಇರಲಿಲ್ಲ. ಹೇಳಿದರೆ ತಿಳಿಯುವವರು ಬೇರೆ ಯಾರೂ ಇರಲಿಲ್ಲ.

ಲ್ಯಾಬಿನಲ್ಲಿ ಕುಳಿತು ಇಂಗ್ಲಿಷ್ ಕೈಪಿಡಿಯನ್ನು ಒಂದೊಂದೇ ಶಬ್ದ ಬಿಡಿಸಿ ಓದಿದೆ. ಚುಕ್ಕೆಯ ಮುಂದಿನ, ಅಂದರೆ ಮೊದಲ ತುಂಡನ್ನು ನಾವು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಯೂಸರ್, ಟ್ರಸ್ಟೆಡ್, ಸೆಕ್ಯುರಿಟಿ, ಸಿಸ್ಟಮ್, ಈ ಮನೆತನಗಳಷ್ಟೇ ಕಂಪ್ಯೂಟರಿಗೆ ಗೊತ್ತು. ಸೆಕ್ಯುರಿಟಿ ಎಂದು ಹಾಕಿ ನೋಡಿದೆ, ನಿನಗೆ ಅಧಿಕಾರವಿಲ್ಲ ಎಂದಿತು. ಯೂಸರ್ ಎಂದು ಹಾಕಿದೆ. ಅಂಟಿತು. ತಿರುಗಿ ನೋಡಿದೆ, ತೋರಿಸೋಣವೆಂದರೆ ಪಕ್ಕದ ಕುರ್ಚಿಗಳೆಲ್ಲ ಖಾಲಿ.

ಪರೀಕ್ಷೆಗೆ ಹೊರಗಿನಿಂದ ಬಂದ ಸರ್ ಪರದೆಗೆ ಬಗ್ಗಿ ಕೇಳಿದರು: “ಸೆಕ್ಯುರಿಟಿ ಅನ್ನೋ ಹೆಸರು ಇರುವಾಗ ಯೂಸರ್ ಯಾಕ ಹಾಕೀರಿ?”

“ಆ ಹೆಸರು ವ್ಯವಸ್ಥೆಗೆ ಮೀಸಲರಿ ಸರ್. ನಮ್ಮಂಥ ಸಾದಾ ಮಂದಿಗೆ ಯೂಸರ್ ಅಷ್ಟರಿ.”

“ಹಂಗಾರ ನಿಮ್ಮ ಚೀಟಿ ಕಳ್ಳನ್ನ ತಡೀತದೇನು?”

“ಇಲ್ರಿ. ಇದು ಬರೇ ಗುರುತು. ತಡಿಯಾಕ ಫೈಲ್ ಯಾರು ತೆರೀಬೇಕನ್ನೋ ಪರವಾನಗಿ ಬ್ಯಾರೆ ಹಾಕೇನ್ರಿ.”

“ಗುಂಪಿನಾಗ ಇದನ್ನ ಮಾಡಿದವ್ರು ಯಾರು?”

“ಗುಂಪಿಲ್ರಿ ಸರ್. ನಾನ ಒಬ್ಬಾಕಿ.”

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. “ಹೋಗಿ ಬರ್ರಿ, ಛಲೋ ಮಾಡೀರಿ” ಅಂದರು. ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪ್ರಾಜೆಕ್ಟ್ ಅಷ್ಟೇ ಅಲ್ಲ, ಎಲ್ಲ ವಿಷಯದಲ್ಲೂ ಪಾಸಾದೆ.

ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಬಸ್ಸಿಳಿದು ನೆಟ್ಟಗೆ ಕಟ್ಟೆಗೆ ಹೋಗಿ ದೊಡ್ಡಪ್ಪನ ಕೈಗಿಟ್ಟೆ. ಅವರು ಸಾಲಿ ಕಲಿತವರಲ್ಲ, ಆದರೆ ಹಂಡೆಯ ಮೇಲೆ ನೋಡಿ ನೋಡಿ ಮನೆತನದ ಹೆಸರಿನ ಅಕ್ಷರ ಬಲ್ಲರು. ಬೆರಳಿಟ್ಟು ಹುಡುಕಿದರು.

“ನಮ್ಮ ಮನಿ ಹೆಸರು ಮುಂದ ಇಲ್ಲಲ್ಲ?”

“ಕಡೀಕ ಐತ್ರಿ ದೊಡ್ಡಪ್ಪ. ಮೊದಲ ನಂದು, ಆಮ್ಯಾಲ ಅಪ್ಪಂದು.”

ನಾನು ತೋರಿಸಿದ ಅಪ್ಪನ ಹೆಸರಿನ ಮೇಲೆ ಅವರು ಬೆರಳಾಡಿಸಿದರು. ಕಾಗದವನ್ನು ಧೋತರದ ಚುಂಗಿನಿಂದ ಒರೆಸಿ ತಿರುಗಿ ಕೊಟ್ಟು, ಮೀಸೆಯ ಮೇಲೊಮ್ಮೆ ಕೈಯಾಡಿಸಿದರು.

“ಹಿಂದರ ಐತೆಲ್ಲ, ಸಾಕು. ಕಟಿಂಗ್ ಅಂಗಡಿ ತೆರದೈತೇನ ನೋಡಿ ಬಾ, ಹೋಗು.”