ಬದುವಿನಾಚೆಯ ಲಷ್ಕರಿ ಹುಳು

ದಾನೇಶ್ವರಿಯ ಬಾಯಿಗೆ ಊರೇ ಹೆದರುತ್ತಿತ್ತು. ಭಾಲ್ಕಿ ಕಡೆಯಿಂದ ಮಹಾರಾಷ್ಟ್ರದ ಗಡಿಯೊಳಗಿನ ಕಾಸಾರಶಿರಸಿ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾದರೂ ಅವಳ ಮಾತಿನ ಮೊನೆ ಸವೆದಿರಲಿಲ್ಲ. ಗಂಡ ಸಂಜುಕುಮಾರ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಮೀಟರಿನಲ್ಲಿ ಅರಿವೆ ಅಳೆಯಬಲ್ಲ, ಹೊಲದ ಗೋಜು ಅವನಿಗೆ ಬೇಡ. ಹಾಗಾಗಿ ಹೊಲವನ್ನು ಬಾಳು ಎಂಬವನು ಪಾಲಿಗೆ ಮಾಡುತ್ತಿದ್ದ. ಆ ವರ್ಷ ದಾನೇಶ್ವರಿ ಹಟ ಹಿಡಿದು ಬಿಡಿಸಿಕೊಂಡಳು, ಹಿಂಗಾರಿಗೆ ಗೋವಿನಜೋಳ ಬಿತ್ತಿಸಿದಳು. ಗಂಡ ಒಪ್ಪಿದ್ದು ಒಂದೇ ಕರಾರಿನ ಮೇಲೆ.

"ಈ ಪೀಕು ಹೋತಂದ್ರ ಹೊಲ ಮತ್ತ ಬಾಳೂಗ. ಆಮ್ಯಾಲ ನೀ ಜಗಳಾ ತೆಗೀಬಾರ್ದು."

"ತೆಗ್ಯಾಂಗಿಲ್ಲ," ಅಂದಳು. ಜಗಳ ತೆಗೆಯದೆ ಇರುವ ಹೆಣ್ಣಲ್ಲ ಅವಳು. ಪೀಕನ್ನು ಬಿಟ್ಟುಕೊಡುವವಳೂ ಅಲ್ಲ.

ಬೆಳೆ ಮೊಣಕಾಲೆತ್ತರ ಬರುವಷ್ಟರಲ್ಲಿ ಎಲೆಗಳಲ್ಲಿ ತೂತು ಬಿದ್ದವು. ಲಷ್ಕರಿ ಹುಳು, ಅಂದರೆ ಸೈನಿಕ ಹುಳು! ಸಮುದ್ರದಾಚೆಯಿಂದ ಬಂದು ಕೆಲವೇ ವರ್ಷಗಳಲ್ಲಿ ಉಮರ್ಗಾ, ನಿಲಂಗಾ, ಉದಗೀರ ಸೀಮೆಯನ್ನೆಲ್ಲ ಮಾವನ ಮನೆ ಮಾಡಿಕೊಂಡ ಕೀಟ. ಸುಳಿಯೊಳಗೆ ಕೂತು ಬೆಳೆಯನ್ನು ಒಳಗಿಂದಲೇ ಮೇಯುತ್ತದೆ. ದಾನೇಶ್ವರಿ ಉದಗೀರದ ರೈತರ ಮೇಳದಲ್ಲಿ ಕೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಬೆಳಗ್ಗೆ ಎದ್ದು ಎಲೆಗೆ ಅಂಟಿದ ತತ್ತಿ ಹುಡುಕಿ ಹೊಸಕಿದಳು, ಒಳಗಿನ ಹುಳು ಸಾಯಲೆಂದು ಸುಳಿಸುಳಿಗೂ ಉಸುಕು ಬೆರೆಸಿದ ಬೂದಿ ಹಾಕಿದಳು. ಹೊಲ ಚೊಕ್ಕವಾಯಿತು. ವಾರದೊಳಗೆ ಮತ್ತೆ ತತ್ತಿ.

ಬದುವಿನಾಚೆ ದತ್ತಾತ್ರಿಯದೂ ಗೋವಿನಜೋಳವೇ. ಅವನು ಸುಳಿ ಬಿಡಿಸಿ ನೋಡಿದವನೇ ಅಲ್ಲ. ಅಲ್ಲಿ ಬೆಳೆದು ರೆಕ್ಕೆ ಬಂದ ಪತಂಗಗಳು ಹಾರಿ ಬಂದು ಇಲ್ಲಿ ತತ್ತಿಯಿಡುತ್ತಿದ್ದವು. ಹೇಳೋಣವೆಂದರೆ ಬದುವಿನ ತಕರಾರಿನಿಂದ ಎರಡೂ ಮನೆಗೆ ಮಾತಿಲ್ಲ. ಅವನ ಹೊಲದಲ್ಲಿ ಕಾಲಿಟ್ಟರೆ ಬಡಿಗೆ ಹಿಡಿದು ಬರುವ ಆಸಾಮಿ.

ಆದರೆ ವರ್ಷಕ್ಕೊಂದು ದಿನ ಈ ಸೀಮೆಯಲ್ಲಿ ಯಾರೂ ಯಾರನ್ನೂ ಹೊಲದಿಂದ ಹೊರಗಟ್ಟುವಂತಿಲ್ಲ. ಅದು ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ಕಣಿಕೆಯ ಗುಡಿಸಲು ಕಟ್ಟಿ ಪೂಜೆ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಮತ್ತು ಅಂಬಲಿಯ ಊಟ, ಆಮೇಲೆ ಬೆಳೆಯ ಸುತ್ತ ಚರಗ ಚೆಲ್ಲಿ ಭೂಮಿತಾಯಿಗೂ ಸಕಲ ಜೀವಕ್ಕೂ ಉಣಿಸುವುದು. ಬಂದವನು ಹಗೆಯಾದರೂ ಎಲೆ ಹಾಕಲೇಬೇಕು.

ಅಂದು ದಾನೇಶ್ವರಿ ಬುಟ್ಟಿ ಹೊತ್ತು ಬದು ದಾಟಿದಳು.

ದತ್ತಾತ್ರಿ ಧಡಕ್ಕನೆ ಎದ್ದ. ಅವನ ತಾಯಿ ಸರುಬಾಯಿ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. "ಇವತ್ತ ಬಂದಾಕಿಗಿ ಬೈತಿಯೇನ? ಬಾರವ್ವ, ಉಣ್ಣು."

"ಉಣ್ತೀನಿ ಆಯಿ. ಮೊದಲ ನಿಮ್ಮ ಮಕ್ಕಾಜ್ವಾಳದ ಸುಳಿ ನೋಡ್ತೀನಿ."

ಒಂದು ಸುಳಿ ಬಿಡಿಸಿದಳು. ಒಳಗೆ ಹೊಟ್ಟಿನಂಥ ಹಿಕ್ಕೆ, ನಡುವೆ ಕೊಬ್ಬಿದ ಹುಳು. ದತ್ತಾತ್ರಿಯ ಮುಖ ಕಪ್ಪಿಟ್ಟಿತು. ಅವಳು ಹುಳು ಹೊಸಕಲು ಹೋದದ್ದೇ ಸರುಬಾಯಿ ಕೈ ಹಿಡಿದಳು.

"ಬ್ಯಾಡವ್ವ! ಚರಗ ಚೆಲ್ಲೋ ದಿನಾ ಜೀವಾ ತೆಗೀಬಾರ್ದು."

ದಾನೇಶ್ವರಿಯ ಕೈ ನಿಂತಿತು. ಅವಳೂ ಲಿಂಗ ಕಟ್ಟಿದವಳೇ, ಮುದುಕಿಯ ಮಾತು ತಾಗಿತು. ಆದರೆ ನಾಳೆ ಬರುತ್ತೇನೆಂದರೆ ದತ್ತಾತ್ರಿ ಬಿಟ್ಟುಕೊಳ್ಳುವವನಲ್ಲ. ಇವತ್ತು ಹೋದರೆ ಪೀಕೂ ಹೋಯಿತು, ಹೊಲವೂ ಹೋಯಿತು. ಬುಟ್ಟಿ ಇಳಿಸಿ ಮೆಲ್ಲಗೆ ಅಂದಳು:

"ಕೊಲ್ಲೂದು ಬ್ಯಾಡ ಆಯಿ. ಇವತ್ತ ಎಲ್ಲಾ ಜೀವಕ್ಕ ಉಣಸ್ತೀವಲ್ಲ, ಇದಕ್ಕೂ ಉಣಸೋಣು. ಬೂದಿ ತಂದೀನಿ."

ಸರುಬಾಯಿಗೆ ಅವಳ ಉಪಾಯ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕು, ತಾನೇ ಒಂದು ಮುಷ್ಟಿ ಬೂದಿ ತೆಗೆದು ಸುಳಿಗೆ ಸುರಿದಳು. "ಉಣ್ಣಪಾ, ಹೊಟ್ಟಿ ತುಂಬ ಉಣ್ಣು!"

ತಾಯಿ ಶುರು ಮಾಡಿದ ಮೇಲೆ ಮಗ ಎಷ್ಟು ಹೊತ್ತು ಕೂತಾನು? "ಓಲಗೇ ಓಲಗೇ, ಸಾಲಮ್ ಪೋಲಗೇ" ಎಂದು ಎಳ್ಳಮಾಸಿಯ ಕೂಗು ಹಾಕುತ್ತ ದತ್ತಾತ್ರಿ ಚರಗ ಚೆಲ್ಲಿದ, ಹಿಂದಿನಿಂದ ಹೆಂಗಸರಿಬ್ಬರು ಬೂದಿ ಉಣಿಸಿದರು. ನೋಡಲು ಬಂದ ಅಕ್ಕಪಕ್ಕದವರು ಒಲೆಯ ಬೂದಿ ತರಲು ಮನೆಗೆ ಓಡಿದರು. ಮರುದಿನ ದತ್ತಾತ್ರಿಯೇ ಬದುವಿನ ಮೇಲೆ ನಿಂತು ಕರೆದ: "ದಾನವ್ವಾ, ತತ್ತಿ ಹ್ಯಾಂಗಿರ್ತಾವ ತೋರಸ್ಬಾ."

ಅವಳು ತೋರಿಸಿದಳು. ಬೈಯುತ್ತಲೇ ತೋರಿಸಿದಳು, ಆದರೆ ಊರ ಹೊಲಗಳ ಇಡೀ ಶಿವಾರಕ್ಕೆ ತೋರಿಸಿದಳು. ಒಬ್ಬಳ ಹೊಲದಲ್ಲಿ ಸಾಯದ ಹುಳು ಎಲ್ಲರೂ ಒಟ್ಟಿಗೆ ಎದ್ದದ್ದಕ್ಕೆ ಆ ಹಂಗಾಮಿನಲ್ಲಿ ನೆಲೆಯಿಲ್ಲದೆ ಹೋಯಿತು. ಉಮರ್ಗಾ ಕಡೆಯ ತುರೋರಿ ಎಂಬ ಊರಿನಿಂದ ರೈತರು ನೋಡಲು ಬಂದಾಗ ಊರವರು ಅವಳನ್ನೇ ಮುಂದೆ ಬಿಟ್ಟರು.

ತೆನೆ ಕಟ್ಟಿದ ಹೊತ್ತಿಗೆ ಬಾಳು ಬಟ್ಟೆ ಅಂಗಡಿಗೆ ಬಂದ. "ಸಾವಕಾರ್ರ, ಬರೋ ವರ್ಷ ನಿಮ್ಮ ಹೊಲಾ ನನಗ ಪಾಲಿಗಿ ಕೊಡ್ತೀರೇನ್ರಿ?"

ಸಂಜುಕುಮಾರ ಕತ್ತರಿ ಕೆಳಗಿಟ್ಟ.

"ನಂದಲ್ಲೋ ಬಾಳು," ಎಂದ, ಗಿರಾಕಿಗಳಿಗೆಲ್ಲ ಕೇಳುವ ಹಾಗೆ. "ಆ ಹೊಲ ಆಕಿದು."